ಮೂರು ವೋಲ್ಟ್ ಎಲ್ಲಿ ಹೋಯಿತು? ಉರಿಯದ ಬಲ್ಬಿನ ದೋಷ ಹುಡುಕುವ ಕ್ರಮ

ಉಪಜಿಲ್ಲಾ ಶಾಸ್ತ್ರಮೇಳ (ಶಾಲಾ ಮಕ್ಕಳ ವಿಜ್ಞಾನ ಮೇಳ) ಹತ್ತಿರ ಬಂತೆಂದರೆ ಕಾಸರಗೋಡಿನ ಕುಂಬಳೆ, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬಿನಲ್ಲಿ ಕೇಳುವ ದೂರು ಒಂದೇ: “ಮಾಷೇ, ನಿನ್ನೆ ಉರಿತಿತ್ತು, ಇವತ್ತು ಉರಿಯುದಿಲ್ಲ.” ಆಮೇಲೆ ನಡೆಯುವುದೂ ಒಂದೇ. ಸೆಲ್ ಬದಲಿಸುತ್ತಾರೆ, ಬಲ್ಬ್ ಬದಲಿಸುತ್ತಾರೆ, ವಯರು ಕಿತ್ತು ಮತ್ತೆ ಸುತ್ತುತ್ತಾರೆ. ಈ ಗಡಿಬಿಡಿಯಲ್ಲಿ ಎಲ್ಲೋ ಒಮ್ಮೆ ಬಲ್ಬ್ ಉರಿದುಬಿಡುತ್ತದೆ. ಯಾವುದು ಸರಿಯಾದ್ದರಿಂದ ಉರಿಯಿತು ಎಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ತೀರ್ಪುಗಾರರು ಮೇಜಿನ ಮುಂದೆ ಬಂದು ನಿಂತ ಹೊತ್ತಿಗೇ ಅದು ಪುನಃ ಆರುತ್ತದೆ.

ಬದಲಿಸುತ್ತಾ ಹೋಗುವುದು ದೋಷ ಹುಡುಕುವ ವಿಧಾನವೇ ಅಲ್ಲ. ಅಳೆಯುತ್ತಾ ಹೋಗಬೇಕು. ಅದಕ್ಕೆ ಬೇಕಾದದ್ದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಮತ್ತು ಹತ್ತನೆಯ ತರಗತಿಯೊಳಗೆ ಕಲಿತ ಭೌತಶಾಸ್ತ್ರ, ಇಷ್ಟೇ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರೆದದ್ದೆಲ್ಲ ಸೆಲ್ಲಿನಿಂದ ನಡೆಯುವ ಮಂಡಲಗಳಿಗೆ. ಸ್ವಿಚ್ ಹಾಕಿದ ಸ್ಥಿತಿಯಲ್ಲೇ ಬರಿ ತಂತಿ ಮುಟ್ಟಿ ಅಳೆಯುವ ಈ ಅಭ್ಯಾಸವನ್ನು ಮನೆಯ 230 ವೋಲ್ಟಿನ ಲೈನಿಗೆ ಒಯ್ಯಬೇಡಿ. ಅದು ವಯರ್‌ಮ್ಯಾನ್ ಕೆಲಸ.

ಲೆಕ್ಕ ತಾಳೆಯಾಗಲೇಬೇಕು

ಎರಡು ಹೊಸ ಸೆಲ್ ಸರಣಿಯಲ್ಲಿ ಇಟ್ಟರೆ ಸುಮಾರು 3 ವೋಲ್ಟ್. ಬ್ಯಾಟರಿಯ ಧನ ತುದಿಯಿಂದ ಹೊರಟು ಸ್ವಿಚ್, ಬಲ್ಬ್, ವಯರುಗಳ ಮೂಲಕ ಋಣ ತುದಿಗೆ ಬರುವಷ್ಟರಲ್ಲಿ ಆ 3 ವೋಲ್ಟ್ ಪೂರ್ತಿ ಖರ್ಚಾಗಿರಬೇಕು. ಒಂದೊಂದು ಭಾಗದ ಎರಡು ತುದಿಗಳ ನಡುವಿನ ವಿಭವಾಂತರ (ವೋಲ್ಟಿನ ವ್ಯತ್ಯಾಸ) ಅಳೆದು ಕೂಡಿಸಿದರೆ ಮೊತ್ತ ಬ್ಯಾಟರಿಯ ವೋಲ್ಟೇಜಿಗೆ ಸಮ. ಪ್ಲಸ್ ಟುವಿಗೆ ಹೋದಾಗ ಇದು ಕಿರ್ಚಾಫನ ನಿಯಮವೆಂದು ಬರುತ್ತದೆ. ಗುಸ್ತಾವ್ ಕಿರ್ಚಾಫ್ ಇದನ್ನು ಪ್ರಕಟಿಸಿದ್ದು 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ.

ಸರಿಯಾಗಿರುವ ಮಂಡಲದಲ್ಲಿ ಖರ್ಚೆಲ್ಲ ಬಲ್ಬಿನಲ್ಲೇ ಆಗುತ್ತದೆ. ವಯರಿನಲ್ಲಿ, ಸ್ವಿಚ್ಚಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಬಲ್ಬ್ ಉರಿಯದಿದ್ದರೆ ಆ ವೋಲ್ಟ್ ಬೇರೆಲ್ಲೋ ಸೇರಿಕೊಂಡಿದೆ ಎಂದರ್ಥ. ಎಲ್ಲಿ ಎಂದು ಕಂಡುಹಿಡಿದರೆ ದೋಷ ಅಲ್ಲೇ ಸಿಗುತ್ತದೆ. ಪೂರ್ತಿ 3 ವೋಲ್ಟ್ ಬಲ್ಬಲ್ಲದ ಒಂದೇ ಜಾಗದಲ್ಲಿ ಕಂಡರೆ ಅಲ್ಲಿ ದಾರಿ ತುಂಡಾಗಿದೆ. ಸ್ವಲ್ಪ ಬಲ್ಬಿನಲ್ಲಿ, ಸ್ವಲ್ಪ ಬೇರೆಡೆ ಕಂಡರೆ ಆ ಬೇರೆ ಜಾಗದಲ್ಲಿ ಸಂಪರ್ಕ ಕೆಟ್ಟಿದೆ. ಎಲ್ಲೂ ಇಲ್ಲ, ಬ್ಯಾಟರಿಯ ತುದಿಗಳಲ್ಲೇ ಇಲ್ಲ ಎಂದಾದರೆ ಸೆಲ್ ಮುಗಿದಿದೆ, ಇಲ್ಲವೇ ಎಲ್ಲೋ ಶಾರ್ಟ್ ಆಗಿದೆ, ಅಂದರೆ ಪ್ರವಾಹ ಬಲ್ಬನ್ನು ಬಿಟ್ಟು ಅಡ್ಡದಾರಿ ಹಿಡಿದಿದೆ. ಬಲ್ಬಿನ ಎರಡು ತುದಿಗಳ ನಡುವೆಯೇ ಪೂರ್ತಿ 3 ವೋಲ್ಟ್ ಇದ್ದೂ ಕತ್ತಲೆಯಾದರೆ ಬಲ್ಬಿನ ತಂತು ಹೋಗಿದೆ, ಅಥವಾ ಬಲ್ಬಿನ ಬುಡ ಹೋಲ್ಡರಿಗೆ ತಾಗುತ್ತಿಲ್ಲ. ಹೋಲ್ಡರಿನ ನಡುವಿನ ತಗಡಿನ ನಾಲಗೆ ಅದುಮಿ ಅದುಮಿ ಚಪ್ಪಟೆಯಾಗಿರುತ್ತದೆ. ಬ್ಯಾಟರಿ ಕಳಚಿ, ಅದನ್ನು ಮೊಳೆಯ ತುದಿಯಿಂದ ಒಂಚೂರು ಮೇಲೆತ್ತಿದರೆ ಸಾಕು.

ಪ್ರೋಬ್ ಹಿಡಿದು ಹೊರಡುವುದು

ಮೀಟರನ್ನು ಡಿಸಿ 20 ವೋಲ್ಟಿನ ಸ್ಥಾನಕ್ಕೆ ತಿರುಗಿಸಿ. ಮಂಡಲದ ಸ್ವಿಚ್ ಆನ್ ಇರಲಿ. ಇದನ್ನು ಮರೆತು ಸ್ವಿಚ್ಚಿನಲ್ಲೇ 3 ವೋಲ್ಟ್ ಹುಡುಕಿ ತೆಗೆದವರು ಬೇಕಾದಷ್ಟು ಮಂದಿ. ಕಪ್ಪು ಪ್ರೋಬನ್ನು (ಮೀಟರಿನ ವಯರಿನ ತುದಿಯ ಲೋಹದ ಮೊನೆ) ಬ್ಯಾಟರಿಯ ಋಣ ತುದಿಗೆ ಒತ್ತಿ ಹಿಡಿದು ಅಲ್ಲಿಂದ ಕದಲಿಸಬೇಡಿ. ಕೆಂಪು ಪ್ರೋಬ್ ಮಾತ್ರ ಧನ ತುದಿಯಿಂದ ಹೊರಟು ದಾರಿಯುದ್ದಕ್ಕೂ ಒಂದೊಂದೇ ಜೋಡಣೆ ಮುಟ್ಟುತ್ತಾ ಬರಲಿ: ಸ್ವಿಚ್ಚಿನ ಈಚೆ, ಸ್ವಿಚ್ಚಿನ ಆಚೆ, ಬಲ್ಬಿನ ಈಚೆ, ಬಲ್ಬಿನ ಆಚೆ, ಕೊನೆಗೆ ಋಣ ತುದಿ. ಬಲ್ಬಿನವರೆಗೆ 3, ಬಲ್ಬ್ ದಾಟಿದ ಮೇಲೆ ಸೊನ್ನೆ. ಹೀಗಿದ್ದರೆ ದಾರಿ ಸರಿ ಇದೆ. ಬೇರೆ ಎಲ್ಲಿ 3 ಇದ್ದದ್ದು ಒಮ್ಮೆಲೆ ಸೊನ್ನೆಯಾಯಿತೋ, ಆ ಎರಡು ಮುಟ್ಟಿದ ಜಾಗಗಳ ನಡುವೆಯೇ ತುಂಡಾಗಿದೆ.

ಇಲ್ಲಿ ಮಕ್ಕಳು ಒಂದು ಕಡೆ ಖಂಡಿತ ಎಡವುತ್ತಾರೆ. ಬಲ್ಬಿನ ಈಚೆ ಮುಟ್ಟಿದರೆ 3, ಆಚೆ ಮುಟ್ಟಿದರೂ 3. “ಎರಡು ಕಡೆಯೂ ಕರೆಂಟು ಉಂಟು ಮಾಷೇ, ಬಲ್ಬೇ ಹಾಳು” ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಬಲ್ಬ್ ಹಾಳಾಗಿಲ್ಲ. ಮೀಟರ್ ತೋರಿಸುವುದು ಕರೆಂಟನ್ನಲ್ಲ, ಎರಡು ಜಾಗಗಳ ನಡುವಿನ ವ್ಯತ್ಯಾಸವನ್ನು. ಬಲ್ಬಿನ ಎರಡೂ ಕಡೆ 3 ಇದ್ದರೆ ಬಲ್ಬಿಗೆ ಸಿಕ್ಕಿದ ವಿಭವಾಂತರ ಸೊನ್ನೆ. ಅದು ಉರಿಯುವುದಾದರೂ ಹೇಗೆ? ತುಂಡಾದದ್ದು ಬಲ್ಬಿನಿಂದ ಬ್ಯಾಟರಿಗೆ ಮರಳುವ ವಯರು. ಆ ವಯರು ತುಂಡಾದ್ದರಿಂದ ಪ್ರವಾಹ ಇಲ್ಲ; ಪ್ರವಾಹ ಇಲ್ಲದ್ದರಿಂದ ಬಲ್ಬಿನಲ್ಲಿ ಖರ್ಚಿಲ್ಲ; ಖರ್ಚಾಗದೆ ಉಳಿದ 3 ವೋಲ್ಟ್ ಪೂರ್ತಿ ಆ ತುಂಡಾದ ಜಾಗದ ಎರಡು ದಡಗಳಲ್ಲಿ ನಿಂತಿದೆ. ಈ ಒಂದು ಪ್ಯಾರಾ ಅರ್ಥವಾದವರಿಗೆ ಉಳಿದದ್ದೆಲ್ಲ ಸುಲಭ.

ಹೊರಗಿನಿಂದ ಸರಿ ಕಾಣುವ ವಯರೂ ಪ್ಲಾಸ್ಟಿಕ್ಕಿನ ಒಳಗೆ ತುಂಡಾಗಿರಬಹುದು, ಮುಖ್ಯವಾಗಿ ಬ್ಲೇಡಿನಿಂದ ಸಿಪ್ಪೆ ಸುಲಿದ ಜಾಗದ ಹತ್ತಿರ. ಅಲ್ಲಿ ಬಗ್ಗಿಸಿ ನೋಡಿದರೆ ಬೆರಳಿಗೇ ಗೊತ್ತಾಗುತ್ತದೆ.

ಉರಿಯುತ್ತದೆ, ಆದರೆ ಮಂಕು

ಪೂರ್ತಿ ಆರಿದ ಬಲ್ಬಿಗಿಂತ ಮಂಕಾಗಿ ಉರಿಯುವ ಬಲ್ಬ್ ಹೆಚ್ಚು ಕಾಡುತ್ತದೆ, ಯಾಕೆಂದರೆ ಎಲ್ಲರೂ “ಸೆಲ್ ಹಳತು” ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ.

ಎಂಟನೆಯ ಕ್ಲಾಸಿನ ಹುಡುಗಿಯೊಬ್ಬಳ ಬೋರ್ಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2.5 ವೋಲ್ಟ್, 0.3 ಆಂಪಿಯರಿನ ಟಾರ್ಚ್ ಬಲ್ಬ್, ಎರಡು ಸೆಲ್, ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ ಮಾಡಿದ ಸ್ವಿಚ್. ಬಲ್ಬ್ ಕೆಂಪಗೆ ಮಿಣುಕುತ್ತಿತ್ತು. ಉರಿಯುತ್ತಿರುವಾಗಲೇ ಅಳೆದರೆ ಬ್ಯಾಟರಿಯ ತುದಿಗಳಲ್ಲಿ 2.8 ವೋಲ್ಟ್. ಸೆಲ್ಲಿನ ತಪ್ಪಲ್ಲ ಎಂದು ಅಲ್ಲಿಗೆ ತೀರ್ಮಾನ. ಬಲ್ಬಿನಲ್ಲಿ 1.6. ವಯರುಗಳೆಲ್ಲ ಸೇರಿ 0.1. ಉಳಿದ 1.1 ವೋಲ್ಟ್ ಸ್ವಿಚ್ಚಿನಲ್ಲಿ! ಮುಚ್ಚಿದ ಸ್ವಿಚ್ಚಿನಲ್ಲಿ ಒಂದು ವೋಲ್ಟಿಗಿಂತ ಹೆಚ್ಚು ಇರಲೇಬಾರದು, ಹತ್ತಿರ ಹತ್ತಿರ ಸೊನ್ನೆ ಇರಬೇಕು. ಪ್ರವಾಹ ಸುಮಾರು 0.23 ಆಂಪಿಯರ್ ಹರಿಯುತ್ತಿತ್ತು ಎಂದರೆ ಓಮನ ನಿಯಮದಂತೆ (ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ) ಆ ಸ್ವಿಚ್ಚಿನ ರೋಧ, ಎಂದರೆ ಪ್ರವಾಹಕ್ಕೆ ಅದು ಒಡ್ಡುವ ತಡೆ, 5 ಓಮಿನ ಹತ್ತಿರ. ಪೂರ್ತಿ ಬೆಳಕಿನಲ್ಲಿ ಉರಿಯುವ ಬಲ್ಬಿನದೇ ರೋಧ 8 ಓಮ್ ಚಿಲ್ಲರೆ ಇರುವಾಗ ಇದು ಸಣ್ಣದೇನಲ್ಲ.

ತಗಡನ್ನು ಬೆಳಕಿಗೆ ಹಿಡಿದರೆ ಒಳಮೈಯಲ್ಲಿ ತಿಳಿ ಹೊನ್ನಿನ ಬಣ್ಣದ ಮಿರುಗು ಕಾಣುತ್ತದೆ. ಅದು ಲೋಹದ ಹೊಳಪಲ್ಲ, ತುಕ್ಕು ಹಿಡಿಯದ ಹಾಗೆ ಡಬ್ಬಕ್ಕೆ ಬಳಿಯುವ ವಾರ್ನಿಷಿನಂಥ ಲೇಪ. ಅದು ವಿದ್ಯುತ್ತನ್ನು ಬಿಡುವುದಿಲ್ಲ. ಅಲ್ಲಲ್ಲಿ ಗೀರು ಬಿದ್ದ ಎರಡು ಮೂರು ಬಿಂದುಗಳಲ್ಲಿ ಮಾತ್ರ ಲೋಹಕ್ಕೆ ಲೋಹ ತಾಗುತ್ತಿತ್ತು. ಸ್ಯಾಂಡ್‌ಪೇಪರಿನಿಂದ ಎರಡು ತಗಡಿನ ತುದಿಗಳನ್ನೂ ಬೂದು ಬಣ್ಣ ಬರುವವರೆಗೆ ಉಜ್ಜಿದ ಮೇಲೆ ಸ್ವಿಚ್ಚಿನಲ್ಲಿ 0.03 ವೋಲ್ಟ್ ಉಳಿಯಿತು, ಬಲ್ಬ್ ಬೆಳ್ಳಗೆ ಉರಿಯಿತು. ಹೊಸ ಸೆಲ್ ಹಾಕಿದ್ದರೂ ಅವಳ ಬಲ್ಬ್ ತುಸು ಏರುತ್ತಿತ್ತಷ್ಟೆ, ರೋಗ ಅಲ್ಲೇ ಉಳಿಯುತ್ತಿತ್ತು.

ಸರಿಯುತ್ತರ ಮುಟ್ಟಿದರೆ ಬಲ್ಬ್ ಉರಿಯುವ “ಹೊಂದಿಸಿ ಬರೆಯಿರಿ” ಬೋರ್ಡುಗಳಲ್ಲಿ ಇದರದ್ದೇ ಇನ್ನೊಂದು ರೂಪ. ಚಾಕಲೇಟಿನ ಬೆಳ್ಳಿ ಕಾಗದವನ್ನು ದಾರಿಯಾಗಿ ಅಂಟಿಸುತ್ತಾರೆ. ಅದರ ಒಂದು ಮೈ ಮಾತ್ರ ಅಲ್ಯೂಮಿನಿಯಂ, ಇನ್ನೊಂದು ಮೈ ಕಾಗದವೋ ಪ್ಲಾಸ್ಟಿಕ್ಕೋ ಆಗಿರುತ್ತದೆ. ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಗೋಂದು ಹಾಕಿದರೆ ಕೇಳುವುದೇ ಬೇಡ, ಅಲ್ಲೇ 3 ವೋಲ್ಟ್ ಕೂತಿರುತ್ತದೆ.

ಆಟಿಯ ತೇವ

ನಮ್ಮಲ್ಲಿ ಶಾಲೆ ತೆರೆಯುವುದೇ ಮಳೆಯ ಜೊತೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ, ಅದರಲ್ಲೂ ಉಪ್ಪಳ, ಮೊಗ್ರಾಲಿನಂಥ ಕಡಲ ಬದಿಯಲ್ಲಿ, ಕಳೆದ ವರ್ಷದ ಮಾಡೆಲನ್ನು ಕಪಾಟಿನಿಂದ ತೆಗೆದು ಸ್ವಿಚ್ ಹಾಕಿದರೆ ಉರಿಯಲೇಬೇಕೆಂದು ಹಟ ಹಿಡಿಯುವಂತಿಲ್ಲ. ತಾಮ್ರದ ತಂತಿ ಕಪ್ಪಾಗಿರುತ್ತದೆ, ಕೆಲವು ಕಡೆ ಹಸಿರು. ಕಬ್ಬಿಣದ ಸ್ಕ್ರೂ, ಸೆಲ್ ಹೋಲ್ಡರಿನ ಸ್ಪ್ರಿಂಗು ತುಕ್ಕು ಹಿಡಿದಿರುತ್ತವೆ. ಈ ಪದರಗಳು ಒಂದೊಂದೂ ಬಲ್ಬಿಗೆ ಸರಣಿಯಲ್ಲಿ ಸೇರಿದ ಒಂದೊಂದು ರೋಧ.

ಸೆಲ್ ಒಳಗೇ ಬಿಟ್ಟು ಇಟ್ಟಿದ್ದರೆ ಇನ್ನೂ ಕಷ್ಟ. ಸಾಮಾನ್ಯ ಸತು–ಇಂಗಾಲದ ಸೆಲ್ಲಿನಲ್ಲಿ ಹೊರಗಿನ ಡಬ್ಬಿಯೇ ಸತುವಿನದು, ಅದೇ ಋಣ ಧ್ರುವ. ಸೆಲ್ ಕೆಲಸ ಮಾಡಿದಷ್ಟೂ ಆ ಗೋಡೆ ಕರಗಿ ತೆಳುವಾಗುತ್ತದೆ, ಕೊನೆಗೆ ತೂತಾಗಿ ರಸ ಸೋರುತ್ತದೆ. ಆಲ್ಕಲೈನ್ ಸೆಲ್ ಸೋರಿದರೆ ತುದಿಯಲ್ಲಿ ಬಿಳಿ ಹಿಟ್ಟಿನಂಥದ್ದು ಕಟ್ಟುತ್ತದೆ. ಅದು ಕ್ಷಾರ, ಕೈಗೂ ಕಣ್ಣಿಗೂ ಒಳ್ಳೆಯದಲ್ಲ. ಹತ್ತಿಯಲ್ಲಿ ಲಿಂಬೆರಸ ಅದ್ದಿ ಒರಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರಸಿ, ಚೆನ್ನಾಗಿ ಒಣಗಲು ಬಿಟ್ಟು ಆಮೇಲೆ ಸ್ಪ್ರಿಂಗನ್ನು ಉಜ್ಜಬೇಕು. ಮೇಳ ಮುಗಿದ ದಿನವೇ ಸೆಲ್ ತೆಗೆದಿಟ್ಟರೆ ಇದ್ಯಾವುದೂ ಇಲ್ಲ.

ಸೆಲ್ ಹೇಳುವ ಸುಳ್ಳು

ಬಿಡಿ ಸೆಲ್ಲಿಗೆ ಮೀಟರ್ ಹಿಡಿದು 1.4 ವೋಲ್ಟ್ ಕಂಡ ಮಾತ್ರಕ್ಕೆ ಅದು ಒಳ್ಳೆಯದೆಂದು ನಂಬಬೇಡಿ. ಮೀಟರಿನ ಒಳರೋಧ ತುಂಬ ಹೆಚ್ಚು, ಅದು ಸೆಲ್ಲಿನಿಂದ ಪ್ರವಾಹವನ್ನೇ ಎಳೆಯುವುದಿಲ್ಲ ಎನ್ನಬಹುದು. ಸೆಲ್ಲಿನ ಒಳಗೂ ಒಂದು ರೋಧವಿದೆ. ಹಳೆಯದಾದಷ್ಟೂ ಅದು ಹೆಚ್ಚುತ್ತದೆ. ಬಲ್ಬ್ ಜೋಡಿಸಿ ಪ್ರವಾಹ ಹರಿದಾಗ ಮಾತ್ರ ಆ ಒಳರೋಧ ತನ್ನ ಪಾಲನ್ನು ತಿನ್ನುತ್ತದೆ.

ಹಾಗಾಗಿ ಎರಡು ಸಲ ಅಳೆಯಿರಿ: ಸ್ವಿಚ್ ಆಫ್ ಇರುವಾಗ ಒಮ್ಮೆ, ಆನ್ ಇರುವಾಗ ಒಮ್ಮೆ. ಆಫ್‌ನಲ್ಲಿ 2.9, ಆನ್ ಮಾಡಿದಾಗ 1.8, ಪ್ರವಾಹ 0.25 ಆಂಪಿಯರ್ ಎಂದಿಟ್ಟುಕೊಳ್ಳಿ. ಕಾಣೆಯಾದದ್ದು 1.1 ವೋಲ್ಟ್, ಅದನ್ನು 0.25ರಿಂದ ಭಾಗಿಸಿದರೆ 4.4 ಓಮ್. ಅಂಥ ಸೆಲ್ಲಿನಿಂದ ಗಡಿಯಾರ ನಡೆದೀತು, ಟಾರ್ಚ್ ಬಲ್ಬ್ ಸರಿಯಾಗಿ ಉರಿಯದು. ಬಿಸಾಡಲು ಹೊರಟ ಸೆಲ್ಲು ಗೋಡೆ ಗಡಿಯಾರದಲ್ಲಿ ತಿಂಗಳುಗಟ್ಟಲೆ ಓಡುವ ಗುಟ್ಟು ಇದು.

ಈ ಒಳರೋಧ ಓಮನ ನಿಯಮ ಕೊಟ್ಟ ಓಮನನ್ನೂ ಸತಾಯಿಸಿತ್ತು. ಅವನ ಕಾಲದ ವೋಲ್ಟಾ ಸೆಲ್ಲುಗಳು ಪ್ರಯೋಗದ ನಡುವೆಯೇ ಕುಗ್ಗಿಬಿಡುತ್ತಿದ್ದವು. ಪೋಗೆಂಡಾರ್ಫ್ ಎಂಬವರ ಸಲಹೆಯಂತೆ ಅವನು ಬಿಸ್ಮತ್ ಮತ್ತು ತಾಮ್ರದ ಉಷ್ಣಯುಗ್ಮಕ್ಕೆ (ಎರಡು ಸಂಧಿಗಳ ಬಿಸಿಯ ವ್ಯತ್ಯಾಸದಿಂದಲೇ ವೋಲ್ಟೇಜ್ ಕೊಡುವ ಲೋಹಗಳ ಜೋಡಿ) ಬದಲಾಯಿಸಿಕೊಂಡ: ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ವೋಲ್ಟೇಜ್ ತೀರ ಸಣ್ಣದು, ಆದರೆ ಅಲುಗಾಡದು. 1827ರಲ್ಲಿ ಅವನು ಪ್ರಕಟಿಸಿದ ನಿಯಮ ನಿಂತಿರುವುದು ಆ ಅಳತೆಗಳ ಮೇಲೆ. ಲ್ಯಾಬಿನಲ್ಲಿ ಗ್ರಾಫು ನೇರಗೆರೆಯಾಗಿ ಬಾರದಿದ್ದರೆ ಓಮನ ನಿಯಮವನ್ನು ಸಂಶಯಿಸುವ ಮೊದಲು ಸೆಲ್ಲನ್ನು ಸಂಶಯಿಸಿ, ಪ್ರತಿ ಅಳತೆಯ ನಡುವೆ ಸ್ವಿಚ್ ಆಫ್ ಮಾಡಿ.

ಬಿಸಿಯಾದರೆ

ಬಲ್ಬ್ ಆರಿದೆ, ಸೆಲ್ ಮುಟ್ಟಿದರೆ ಬಿಸಿ, ವಯರೂ ಬಿಸಿ. ಬೇರೇನೂ ಯೋಚಿಸದೆ ಮೊದಲು ಒಂದು ವಯರು ಕಳಚಿ. ಇದು ಶಾರ್ಟ್. ಹೆಚ್ಚಾಗಿ ಬಲ್ಬ್ ಹೋಲ್ಡರಿನ ಎರಡು ಸ್ಕ್ರೂಗಳ ನಡುವೆ ವಯರಿನ ಒಂದು ಎಳೆ ಚಾಚಿಕೊಂಡಿರುತ್ತದೆ. ಅಳೆದರೆ ಬ್ಯಾಟರಿಯಲ್ಲೇ ಅರ್ಧ ವೋಲ್ಟ್ ಕೂಡ ಇರಲಿಕ್ಕಿಲ್ಲ, ಯಾಕೆಂದರೆ ಖರ್ಚೆಲ್ಲ ಸೆಲ್ಲಿನ ಒಳರೋಧದಲ್ಲೇ ಆಗುತ್ತಿದೆ. ಆ ಖರ್ಚೇ ಬಿಸಿಯಾಗಿ ಕೈಗೆ ತಾಗುವುದು. ಮಂಡಲ ದೊಡ್ಡದಿದ್ದರೆ ಅರ್ಧ ಭಾಗ ಕಳಚಿ ನೋಡಿ, ವೋಲ್ಟೇಜ್ ಮರಳಿ ಬಂದರೆ ಶಾರ್ಟ್ ಕಳಚಿದ ಭಾಗದಲ್ಲಿದೆ. ಬಾರದಿದ್ದರೆ ಉಳಿದ ಭಾಗದಲ್ಲಿ. ಅದನ್ನು ಪುನಃ ಅರ್ಧ ಮಾಡಿ.

ಮೀಟರಿಂದಲೇ ಬಂದ ದೋಷ

ವೋಲ್ಟ್‌ಮೀಟರನ್ನು ಸರಣಿಯಲ್ಲಿ ಸೇರಿಸಿದರೆ ಬಲ್ಬ್ ಆರುತ್ತದೆ, ಮೀಟರ್ ಮಾತ್ರ ಚಂದಕ್ಕೆ 3 ವೋಲ್ಟ್ ತೋರಿಸುತ್ತದೆ. ಮೀಟರಿನ ಅಪಾರ ರೋಧವೇ ಅಲ್ಲಿ ತುಂಡಾದ ವಯರಿನ ಕೆಲಸ ಮಾಡುತ್ತಿದೆ. ಅಮ್ಮೀಟರನ್ನು ಬಲ್ಬಿಗೆ ಸಮಾಂತರವಾಗಿ ಸೇರಿಸಿದರೆ ಬಲ್ಬ್ ಆರುತ್ತದೆ, ಮುಳ್ಳು ಕೊನೆಗೆ ಹೋಗಿ ಬಡಿಯುತ್ತದೆ. ಅದು ಶಾರ್ಟಿಗೆ ಸಮ. ಮಲ್ಟಿಮೀಟರಾದರೆ ಒಳಗಿನ ಫ್ಯೂಸ್ ಹೋಗುತ್ತದೆ. ಆ ಮೇಲೆ ಅದೇ ಮೀಟರ್ ವೋಲ್ಟೇಜ್ ಸರಿಯಾಗಿ ಅಳೆಯುತ್ತದೆ, ಮಿಲಿಆಂಪಿಯರ್ ಮಾತ್ರ ಯಾವಾಗಲೂ ಸೊನ್ನೆ. ಯಾರೂ ಗಮನಿಸದೆ ಆ ಮೀಟರ್ ವರ್ಷಗಟ್ಟಲೆ ಲ್ಯಾಬಿನಲ್ಲಿ ಸುತ್ತುತ್ತಿರುತ್ತದೆ.

ದೋಷವೇ ಅಲ್ಲದ್ದು

ಉರಿಯದ ಒಳ್ಳೆಯ ಟಾರ್ಚ್ ಬಲ್ಬಿನ ರೋಧವನ್ನು ಮೀಟರಿನಲ್ಲಿ ಅಳೆದರೆ ಒಂದು ಓಮಿನ ಆಸುಪಾಸು ಬರುತ್ತದೆ. ಬಲ್ಬಿನ ಮೇಲೆ ಬರೆದ 2.5 ವೋಲ್ಟನ್ನು 0.3ರಿಂದ ಭಾಗಿಸಿದರೆ 8.3 ಓಮ್. ಎರಡೂ ಸರಿಯೇ. ತಣ್ಣಗಿನ ಟಂಗ್‌ಸ್ಟನ್ನಿನ ರೋಧ ಕಡಿಮೆ, ಎರಡು ಸಾವಿರ ಡಿಗ್ರಿಗೆ ಕಾದ ಟಂಗ್‌ಸ್ಟನ್ನಿನದು ಅದರ ಎಷ್ಟೋ ಪಟ್ಟು. “ಬಲ್ಬ್ ಶಾರ್ಟ್ ಆಗಿದೆ” ಎಂದು ಎಸೆಯುವ ಮೊದಲು ಇದು ನೆನಪಿರಲಿ.

ಎರಡು ಬೇರೆ ಬೇರೆ ರೇಟಿಂಗಿನ ಬಲ್ಬ್ ಸರಣಿಯಲ್ಲಿ ಹಾಕಿದಾಗ ಒಂದು ಮಾತ್ರ ಉರಿದರೆ, ಆರಿದ್ದು ಹಾಳಾಗಿಲ್ಲ. ಹಾಳಾಗಿದ್ದರೆ ಎರಡೂ ಆರಬೇಕಿತ್ತು. ಬಲ್ಬ್ ಮತ್ತು ಎಲ್‌ಇಡಿ ಸರಣಿಯಲ್ಲಿದ್ದಾಗ ಎಲ್‌ಇಡಿ ಉರಿದು ಬಲ್ಬ್ ಕತ್ತಲೆಯಾಗಿರುವುದೂ ಹೀಗೆಯೇ: ಬಲ್ಬಿಗೆ ಬೇಕಾದ್ದು 300 ಮಿಲಿಆಂಪಿಯರ್, ಅಲ್ಲಿ ಹರಿಯುವುದು ಹತ್ತೋ ಇಪ್ಪತ್ತೋ.

ಸುರಂಗದೊಳಗಿನ ಎಲ್‌ಇಡಿ

ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ನೀರು ತೆಗೆಯುವ ಸುರಂಗಗಳ ಮಾಡೆಲ್ ಮೇಳಗಳಿಗೆ ಒಪ್ಪುವ ವಿಷಯ. ಥರ್ಮೋಕೋಲಿನ ಗುಡ್ಡ, ಒಳಗೆ ಬೆಳಕಿಗೆ ಬಿಳಿ ಎಲ್‌ಇಡಿಗಳ ಸಾಲು, ಬಾಯಿಯ ಹತ್ತಿರ ಕೆಂಪು. ಎಲ್ಲವನ್ನೂ ಸಮಾಂತರವಾಗಿ ಜೋಡಿಸಿ, ಖರ್ಚು ಉಳಿಸಲು ಒಂದೇ ರೆಸಿಸ್ಟರ್ ಹಾಕಿ, ಮೂರು ಸೆಲ್ಲಿನ 4.5 ವೋಲ್ಟ್ ಕೊಟ್ಟರೆ ಕೆಂಪು ಮಾತ್ರ ಉರಿಯುತ್ತದೆ. ಬಿಳಿ ಎಲ್‌ಇಡಿಗಳನ್ನು ಕಿತ್ತು ತಿರುಗಿಸಿ ಹಾಕಿ ನೋಡುತ್ತಾರೆ, ಪ್ರಯೋಜನವಿಲ್ಲ. ಬೇರೆಯಾಗಿ ಪರೀಕ್ಷಿಸಿದರೆ ಪ್ರತಿಯೊಂದೂ ಉರಿಯುತ್ತದೆ.

ಇಲ್ಲೂ ವೋಲ್ಟ್ ಅಳೆದರೆ ಉತ್ತರ ಎದುರಿಗೇ ಇದೆ. ಎಲ್‌ಇಡಿ ಸಾಲಿನ ಎರಡು ತುದಿಗಳಲ್ಲಿ 2 ವೋಲ್ಟ್, ರೆಸಿಸ್ಟರಿನಲ್ಲಿ ಉಳಿದ 2.5. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿಗೆ ಉರಿಯಲು ಶುರುವಾದ ಮೇಲೆ ತನ್ನ ತುದಿಗಳ ವೋಲ್ಟೇಜನ್ನು ಅದಕ್ಕಿಂತ ಹೆಚ್ಚು ಏರಲು ಬಿಡುವುದಿಲ್ಲ. ಬಂದ ಪ್ರವಾಹವನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಬಿಳಿಗೆ ಬೇಕಾದ್ದು 3 ವೋಲ್ಟಿನ ಮೇಲೆ. ಸಮಾಂತರ ಜೋಡಣೆಯಲ್ಲಿ ಎಲ್ಲದಕ್ಕೂ ಒಂದೇ ವಿಭವಾಂತರ ಎಂದು ಪುಸ್ತಕದಲ್ಲಿ ಓದಿದ್ದು ಇದೇ.

ಪರಿಹಾರ: ಒಂದೊಂದು ಎಲ್‌ಇಡಿಗೂ ಅದರದ್ದೇ ರೆಸಿಸ್ಟರ್. 10 ಮಿಲಿಆಂಪಿಯರ್ ಸಾಕು. ಬಿಳಿಗೆ 4.5ರಿಂದ 3.1 ಕಳೆದರೆ 1.4, 0.01ರಿಂದ ಭಾಗಿಸಿದರೆ 140, ಅಂಗಡಿಯಲ್ಲಿ ಸಿಗುವುದು 150 ಓಮ್. ಕೆಂಪಿಗೆ 250 ಬರುತ್ತದೆ, 270 ಹಾಕಿ. ಎರಡೇ ಸೆಲ್ಲಿನ 3 ವೋಲ್ಟಿನಲ್ಲಿ ಬಿಳಿ ಎಲ್‌ಇಡಿಯನ್ನು ನಂಬುವುದು ಬೇಡ. ಹೊಸ ಸೆಲ್ಲಿನಲ್ಲಿ ಮಿಣುಕಿದ್ದು ಮಧ್ಯಾಹ್ನದ ಊಟದೊಳಗೆ ಆರುತ್ತದೆ. ಕಾಲುಗಳ ವಿಷಯ ಎಲ್ಲರಿಗೂ ಗೊತ್ತು: ಉದ್ದದ್ದು ಧನ. ಕಾಲು ಕತ್ತರಿಸಿದ್ದರೆ ತಲೆಯ ಬುಡದ ಅಂಚು ಎಲ್ಲಿ ಚಪ್ಪಟೆಯೋ ಆ ಕಡೆ ಋಣ.

ನಡುಗಿ ನಿಲ್ಲುವ ಮೋಟಾರು

ಸೇಫ್ಟಿ ಪಿನ್ನುಗಳ ಮೇಲೆ ತಾಮ್ರದ ಸುರುಳಿ ಕೂರಿಸಿ, ಕೆಳಗೆ ಅಯಸ್ಕಾಂತ ಇಡುವ ಮೋಟಾರಿಗೂ ಇದೇ ಅಳತೆ. ಸುರುಳಿ ಕೂರಿಸಿದಾಗ ಪಿನ್ನುಗಳ ನಡುವೆ 1.5 ವೋಲ್ಟ್ ಹಾಗೇ ಇದ್ದರೆ ಪ್ರವಾಹವೇ ಹರಿಯುತ್ತಿಲ್ಲ: ತಂತಿಯ ಇನಾಮಲ್ (ವಿದ್ಯುತ್ತನ್ನು ಬಿಡದ ಹೊರಲೇಪ) ಹೆರೆದದ್ದು ಸಾಲದು. ತಾಮ್ರದ ಬಣ್ಣವೇ ಇನಾಮಲ್ಲಿಗೂ ಇರುವುದರಿಂದ ಕಣ್ಣಿಗೆ ಮೋಸವಾಗುತ್ತದೆ. ಹೆರೆದ ಜಾಗ ತಿಳಿ ಗುಲಾಬಿಯಾಗಿ ಕಾಣಬೇಕು.

ವೋಲ್ಟೇಜ್ 1ರ ಹತ್ತಿರ ಅಥವಾ ಅದಕ್ಕಿಂತ ಕೆಳಗೆ ಇಳಿಯಿತು, ಆದರೂ ಸುರುಳಿ ಬರೀ ನಡುಗಿ ನಿಲ್ಲುತ್ತದೆ ಎಂದರೆ ಪ್ರವಾಹ ಹರಿಯುತ್ತಿದೆ. ಇಲ್ಲಿ ತಪ್ಪು ತೀರ ಚೆನ್ನಾಗಿ ಹೆರೆದದ್ದು! ಎರಡೂ ತುದಿಗಳನ್ನು ಸುತ್ತಲೂ ಹೆರೆದರೆ ಮೊದಲ ಅರ್ಧ ಸುತ್ತಿನಲ್ಲಿ ಮುಂದಕ್ಕೆ ತಳ್ಳಿದ ಬಲವೇ ಮುಂದಿನ ಅರ್ಧದಲ್ಲಿ ಹಿಂದಕ್ಕೆ ತಳ್ಳುತ್ತದೆ. ಒಂದು ತುದಿಯನ್ನು ಪೂರ್ತಿ, ಇನ್ನೊಂದನ್ನು ಅರ್ಧ ಮೈ ಮಾತ್ರ ಹೆರೆಯಬೇಕು. ಆಗ ಹಿಂದಕ್ಕೆ ತಳ್ಳುವ ಹೊತ್ತಿಗೆ ಪ್ರವಾಹ ಕಡಿದು, ಸುರುಳಿ ತನ್ನ ವೇಗದಲ್ಲೇ ಆ ಅರ್ಧವನ್ನು ದಾಟುತ್ತದೆ. ಪೂರ್ತಿ ಹೆರೆದು ಆಗಿಹೋಗಿದ್ದರೆ ಹೊಸ ಸುರುಳಿ ಸುತ್ತಬೇಕೆಂದಿಲ್ಲ. ಸುರುಳಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದು, ಒಂದು ತುದಿಯ ಮೇಲುಗಡೆಯ ಅರ್ಧಕ್ಕೆ ಮಾತ್ರ ಉಗುರಿನ ಬಣ್ಣ ತೆಳುವಾಗಿ ಹಚ್ಚಿ ಒಣಗಿಸಿ. ಓಡಿಸುವಾಗ ಸೆಲ್ಲಿನ ಮೇಲೆ ಬೆರಳಿಟ್ಟುಕೊಂಡಿರಿ: ಆ ಸುರುಳಿಯ ರೋಧ ಒಂದು ಓಮೂ ಇರುವುದಿಲ್ಲ, ತಿರುಗದೆ ನಿಂತರೆ ಸೆಲ್ ಬಿಸಿಯಾಗಲು ಹೆಚ್ಚು ಹೊತ್ತು ಬೇಡ.